ಬ್ರೌಸರ್‌ನಲ್ಲೇ ಆಡುವ ಮುಕ್ತ ಆಟಗಳ ಪುಟ್ಟ ಸಂಗ್ರಹ: ಏನು ಇಡೋಣ, ಏನು ಬಿಡೋಣ?

ಕೀಲಿಮಣೆ

ನಮಸ್ಕಾರ ಎಲ್ಲರಿಗೂ. ಬ್ರೌಸರ್‌ನಲ್ಲೇ ಆಡುವ ಆಟಗಳದ್ದೊಂದು ಪುಟ ಕಟ್ಟುತ್ತಿದ್ದೇನೆ. ದುಡ್ಡು ಕೇಳಬಾರದು, ಸೋರ್ಸ್ ಕೋಡ್ ಮುಕ್ತವಾಗಿರಬೇಕು, ತೆರೆದ ತಕ್ಷಣ ಆಟ ಶುರುವಾಗಬೇಕು. ಜಾಹೀರಾತು, ಲಾಗಿನ್, ಟ್ರ್ಯಾಕರ್ ಯಾವುದೂ ಬೇಡ. ಒಂದು ಡಜನ್ ಆಟ ಇದ್ದರೆ ಸಾಕು ಅಂದುಕೊಂಡಿದ್ದೇನೆ.

ಸದ್ಯಕ್ಕೆ ಮನಸ್ಸಿನಲ್ಲಿರುವುದು: 2048, ಹೆಕ್ಸ್‌ಟ್ರಿಸ್, ಎ ಡಾರ್ಕ್ ರೂಮ್, ಹೆಕ್ಸ್‌ಜಿಎಲ್, ಬ್ರೌಸರ್‌ಕ್ವೆಸ್ಟ್, ಸೈಮನ್ ಟ್ಯಾಥಮ್ ಅವರ ಪಝಲ್‌ಗಳು, ಇಂಟರ್ನೆಟ್ ಇಲ್ಲದಾಗ ಕ್ರೋಮ್‌ನಲ್ಲಿ ಓಡುವ ಡೈನೋಸಾರ್, ಚೆಸ್ ಆಡುವ ಲಿಚೆಸ್. ಪ್ಯಾಕ್‌ಮ್ಯಾನ್, ಮಾರಿಯೋ ತರಹದವು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ರಾಶಿ ಬಿದ್ದಿವೆ, ಅವನ್ನೂ ಹಾಕೋಣವಾ? ಇನ್ನೊಂದು ಗೊಂದಲ. ಆಟಗಳನ್ನು ನನ್ನದೇ ಸೈಟ್‌ಗೆ ಕಾಪಿ ಮಾಡಿಕೊಳ್ಳಲಾ, ಸುಮ್ನೆ ಲಿಂಕ್ ಕೊಟ್ಟು ಬಿಡಲಾ?

ಹಳೇ ಬ್ರೌಸರ್

ಆಟ ಆಡಿ ನೋಡುವ ಮೊದಲು ಲೈಸೆನ್ಸ್ ಫೈಲ್ ತೆರೆದು ನೋಡಿ. ಆಟ ಇಷ್ಟವಾದ ಮೇಲೆ ನೋಡಿದರೆ ಕಷ್ಟ, ಹೇಗಾದರೂ ಮಾಡಿ ಸೇರಿಸಿಕೊಳ್ಳೋಣ ಅಂತ ಮನಸ್ಸು ನೆಪ ಹುಡುಕುತ್ತೆ.

ಗಿಟ್‌ಹಬ್‌ನಲ್ಲಿ ಕೋಡ್ ಕಾಣಿಸುತ್ತಿದೆ ಅಂದ ಮಾತ್ರಕ್ಕೆ ಅದು ಮುಕ್ತ ಅಲ್ಲ. ಲೈಸೆನ್ಸ್ ಹಾಕದ ರೆಪೊದ (ಅಂದರೆ ಕೋಡ್ ಇಟ್ಟ ಫೋಲ್ಡರ್‌ನ) ಹಕ್ಕೆಲ್ಲ ಬರೆದವರದ್ದೇ. ಗಿಟ್‌ಹಬ್‌ನ ನಿಯಮದ ಪ್ರಕಾರ ನೀವು ಅದನ್ನು ಅಲ್ಲೇ ನೋಡಬಹುದು, ಫೋರ್ಕ್ ಮಾಡಬಹುದು, ಅಂದರೆ ಗಿಟ್‌ಹಬ್‌ನೊಳಗೇ ನಿಮ್ಮದೊಂದು ಪ್ರತಿ ಮಾಡಿಕೊಳ್ಳಬಹುದು. ನಿಮ್ಮ ಸೈಟ್‌ಗೆ ತಂದು ಹಾಕೋಕೆ ಅನುಮತಿ ಸಿಕ್ಕಂತಲ್ಲ. ಇಂಥದ್ದು ಸಿಕ್ಕರೆ ಬರೆದವರಿಗೆ ಒಂದು ಇಶ್ಯೂ ಹಾಕಿ ಕೇಳಿ. ಎಷ್ಟೋ ಜನ ಮರೆತಿರುತ್ತಾರೆ ಅಷ್ಟೇ, ಕೇಳಿದರೆ ಸೇರಿಸುತ್ತಾರೆ.

ನಿಮ್ಮ ಪಟ್ಟಿಗೆ ಬಂದರೆ, 2048ಕ್ಕೆ ಎಂಐಟಿ ಲೈಸೆನ್ಸ್ ಇದೆ, ಲೈಸೆನ್ಸ್ ಫೈಲ್ ಜೊತೆಗಿಟ್ಟರೆ ಹೇಗೆ ಬೇಕಾದರೂ ಬಳಸಬಹುದು. ಟ್ಯಾಥಮ್ ಪಝಲ್‌ಗಳಿಗೂ ಅದೇ. ಹೆಕ್ಸ್‌ಟ್ರಿಸ್ ಜಿಪಿಎಲ್ 3, ಬದಲಾಯಿಸಿ ಹಂಚಿದರೆ ಆ ಕೋಡನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕು. ಎ ಡಾರ್ಕ್ ರೂಮ್ ಮೊಝಿಲ್ಲಾ ಪಬ್ಲಿಕ್ ಲೈಸೆನ್ಸ್ 2.0. ಡೈನೋಸಾರ್ ಇರುವುದು ಕ್ರೋಮ್‌ನ ಮುಕ್ತ ಮೂಲವಾದ ಕ್ರೋಮಿಯಂ ಕೋಡ್‌ನೊಳಗೆ, ಅದು ಎಂಐಟಿ ತರಹದ ಬಿಎಸ್‌ಡಿ. ಹೆಕ್ಸ್‌ಜಿಎಲ್ ಈಗ ಎಂಐಟಿ. ಎಲ್ಲವೂ ಸರಿಯಾಗಿಯೇ ಇವೆ.

ಬ್ರೌಸರ್‌ಕ್ವೆಸ್ಟ್ ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕಾದದ್ದು. 2012ರಲ್ಲಿ ಮೊಝಿಲ್ಲಾದವರು ಲಿಟ್ಲ್ ವರ್ಕ್‌ಶಾಪ್ ಜೊತೆ ಸೇರಿ ಮಾಡಿದ್ದು. ಅದರಲ್ಲಿ ಕೋಡ್‌ಗೆ ಒಂದು ಲೈಸೆನ್ಸ್, ಚಿತ್ರ ಮತ್ತಿತರ ಸಾಮಗ್ರಿಗೆ ಇನ್ನೊಂದು. ಎರಡನೆಯದು ಕ್ರಿಯೇಟಿವ್ ಕಾಮನ್ಸ್, ಹೆಸರು ಹಾಕಬೇಕು, ಬದಲಾಯಿಸಿದರೆ ಅದೇ ಷರತ್ತಿನಲ್ಲಿ ಕೊಡಬೇಕು. ಆಟ ಅಂದರೆ ಬರೀ ಕೋಡ್ ಅಲ್ಲ ಅಲ್ವಾ? ಚಿತ್ರ, ಸದ್ದು, ಅಕ್ಷರದ ಫಾಂಟ್, ಎಲ್ಲದಕ್ಕೂ ಒಡೆಯರಿದ್ದಾರೆ. ಕೋಡ್ ಎಂಐಟಿ ಇದ್ದು, ಸಂಗೀತ ಎಲ್ಲಿಂದಲೋ ಎತ್ತಿ ತಂದದ್ದಾಗಿರುವ ರೆಪೊಗಳು ಬೇಕಾದಷ್ಟಿವೆ.

ಪುಟ್ಟ ಪಿಕ್ಸೆಲ್

ನಾನ್ ಕಮರ್ಷಿಯಲ್ ಅಂತ ಬರೆದಿರುವುದನ್ನು ಹಾಕಬಹುದಾ? ಕೀಲಿಮಣೆ ಅವರು ಹೇಗೂ ದುಡ್ಡು ಮಾಡುತ್ತಿಲ್ಲ.

ಹಳೇ ಬ್ರೌಸರ್

ಹಾಕಬಹುದು, ಆದರೆ ಅದನ್ನು ಓಪನ್ ಸೋರ್ಸ್ ಅಂತ ಕರೆಯಬಾರದು. ಯಾವ ಕೆಲಸಕ್ಕೆ ಬಳಸಬೇಕು ಅಂತ ಕಟ್ಟು ಹಾಕಿದರೆ ಓಪನ್ ಸೋರ್ಸ್ ವ್ಯಾಖ್ಯೆಯಿಂದ ಅದು ಹೊರಗೆ. ಪುಟದ ಮೇಲೆ 'ಮುಕ್ತ ಆಟಗಳು' ಅಂತ ದೊಡ್ಡದಾಗಿ ಬರೆದು ಒಳಗೆ ಅರ್ಧ ಮುಕ್ತವನ್ನು ಇಟ್ಟರೆ, ನಿಮ್ಮನ್ನು ನಂಬಿ ಕಾಪಿ ಮಾಡಿಕೊಂಡು ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಕ್ಸ್‌ಜಿಎಲ್ ಕೂಡ ಮೊದಲು ಹಾಗೇ ಇತ್ತು, ಆಮೇಲೆ ಎಂಐಟಿಗೆ ಬದಲಾಯಿತು. ಅದಕ್ಕೇ ಯಾವ ಕಮಿಟ್ (ಕೋಡ್‌ನ ಯಾವ ಹೊತ್ತಿನ ಪ್ರತಿ) ತೆಗೆದುಕೊಂಡಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಸಿಡುಕ

ಬಿಡುವಿದ್ದಾಗ ನಾಲ್ಕು ಜನ ಆಡುವ ಪುಟಕ್ಕೆ ಇಷ್ಟೆಲ್ಲಾ ಕಾನೂನು ಬೇಕಾ? ಮಾರಿಯೋ ಹಾಕಿ, ಪ್ಯಾಕ್‌ಮ್ಯಾನ್ ಹಾಕಿ. ಜನ ಬರುವುದೇ ಅದಕ್ಕೆ. ಮೂಲ ಕೋಡ್ ಎಂಐಟಿ ಅಂತ ಬರೆದಿರುತ್ತಲ್ಲ, ಮತ್ತೇನು ತಕರಾರು?

ನೀಲಿ ಚೌಕ

ಸಿಡುಕ ಅವರೇ, ತಕರಾರು ಇರುವುದೇ ಅಲ್ಲಿ. ತನ್ನದಲ್ಲದ್ದಕ್ಕೆ ಯಾರೂ ಲೈಸೆನ್ಸ್ ಕೊಡೋಕೆ ಆಗಲ್ಲ. ಮಾರಿಯೋ ಚಿತ್ರಗಳನ್ನು ತೆಗೆದು ಆಟ ಬರೆದು ಎಂಐಟಿ ಅಂತ ಫೈಲ್ ಹಾಕಿದರೆ, ಅವರು ಬರೆದ ಕೋಡ್ ಮಾತ್ರ ಎಂಐಟಿ. ಮೀಸೆಯ ಮನುಷ್ಯ ನಿಂಟೆಂಡೋದವನೇ. ಫುಲ್ ಸ್ಕ್ರೀನ್ ಮಾರಿಯೋ ಅಂತ ಬ್ರೌಸರ್‌ನಲ್ಲೇ ಓಡುವ, ಕೋಡ್ ತೆರೆದಿಟ್ಟ ಆಟ ಒಂದಿತ್ತು, ಚೆನ್ನಾಗಿಯೂ ಇತ್ತು. 2013ರಲ್ಲಿ ನಿಂಟೆಂಡೋ ದೂರು ಕೊಟ್ಟು ತೆಗೆಸಿತು.

ಹತ್ತಿರದ ಉದಾಹರಣೆ ಬೇಕಾದರೆ ಪದ ಊಹಿಸುವ ಆಟ ವರ್ಡಲ್. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. 2024ರ ಮಾರ್ಚ್‌ನಲ್ಲಿ ರಿಯಾಕ್ಟಲ್ ಅನ್ನೋ ಮುಕ್ತ ನಕಲಿನ ಮೇಲೆ ಗಿಟ್‌ಹಬ್‌ಗೆ ನೋಟಿಸ್ ಹೋಯಿತು. ಅದರಿಂದ ಹುಟ್ಟಿದ ಸಾವಿರಕ್ಕೂ ಹೆಚ್ಚು ಫೋರ್ಕ್‌ಗಳೂ ಅದೇ ನೋಟಿಸ್‌ನೊಳಗೆ ಸೇರಿದ್ದವು. ಫೋರ್ಕ್ ಮಾಡಿದವರಲ್ಲಿ ಬಹಳ ಜನ ತಮ್ಮ ಭಾಷೆಗೆ ಒಂದು ಆಟ ಬೇಕು ಅಂತ ಮಾಡಿಕೊಂಡವರು.

ಸಿಡುಕ

ಹಾಗಾದರೆ 2048 ಕೂಡ ನಕಲೇ ಅಲ್ವಾ? ಥ್ರೀಸ್ ಅನ್ನೋ ಅಂಕಿ ಸೇರಿಸುವ ಆಟ ಬಂದು ಸುಮಾರು ಒಂದು ತಿಂಗಳಿಗೇ ಬಂತು. ಅದನ್ನು ಮಾತ್ರ ಒಪ್ಪಿಕೊಂಡಿರಿ.

ನೀಲಿ ಚೌಕ

ಪ್ರಶ್ನೆ ಸರಿಯಾಗಿದೆ. ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್‌ನಲ್ಲಿ 2048 ಬಿಟ್ಟಾಗ 1024 ಅನ್ನೋ ಆಟದಿಂದ ಎತ್ತಿಕೊಂಡದ್ದು, ಕಲ್ಪನೆಯಲ್ಲಿ ಥ್ರೀಸ್‌ಗೆ ಹತ್ತಿರ ಅಂತ ತಾವೇ ಪುಟದಲ್ಲಿ ಹಾಕಿದ್ದರು. ಥ್ರೀಸ್ ಮಾಡಿದವರಿಗೆ ಬೇಜಾರಾಗಿದ್ದೂ ನಿಜ. ಆದರೆ ಚಿತ್ರ, ಬಣ್ಣ, ನಡೆ ಎಲ್ಲ ಬೇರೆ. ಥ್ರೀಸ್‌ನಲ್ಲಿ ಒಂದು ಎರಡು ಸೇರಿ ಮೂರಾಗಬೇಕು, ಒಂದು ಸಲ ಸರಿಸಿದರೆ ಬಿಲ್ಲೆಗಳು ಒಂದೇ ಮನೆ ಜರುಗುತ್ತವೆ. 2048ರಲ್ಲಿ ಗೋಡೆಯ ತನಕ ಜಾರುತ್ತವೆ. ಆಡಿದವರಿಗೆ ಎರಡೂ ಬೇರೆ ಆಟ ಅಂತ ಗೊತ್ತಾಗುತ್ತೆ.

ಗೆರೆ ಎಲ್ಲಿ ಎಳೆಯಬೇಕು ಅನ್ನೋದಕ್ಕೆ ಅಮೆರಿಕದ ಒಂದು ತೀರ್ಪು ಇದೆ. ಕ್ಸಿಯೋ ಅನ್ನೋ ಕಂಪನಿ ಐಫೋನ್‌ಗೆ ಮಿನೋ ಅಂತ ಟೆಟ್ರಿಸ್ ತರಹದ ಆಟ ಮಾಡಿತ್ತು. ನಿಯಮಗಳಿಗೆ ಕಾಪಿರೈಟ್ ಇಲ್ಲ, ನಾವು ತೆಗೆದುಕೊಂಡದ್ದು ನಿಯಮ ಮಾತ್ರ ಅಂತ ವಾದಿಸಿತು. 2012ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟ್ ನಿಯಮದ ಮಾತನ್ನು ಒಪ್ಪಿತು, ಆದರೂ ಮಿನೋ ಸೋತಿತು. ಬಿಲ್ಲೆಗಳ ಆಕಾರ, 10ಕ್ಕೆ 20ರ ಅಂಕಣ, ಬೀಳುವ ಜಾಗ ತೋರಿಸುವ ನೆರಳು, ನೋಟವನ್ನೆಲ್ಲ ಹಾಗೇ ಇಳಿಸಿಕೊಂಡಿದ್ದೀರಿ ಅಂದಿತು.

ಹೆಕ್ಸ್‌ಟ್ರಿಸ್ ನೋಡಿ. ಹೆಸರು ಕೇಳಿದರೆ ಟೆಟ್ರಿಸ್ ನೆನಪಾಗುತ್ತೆ. ಆಡಿದರೆ ನಡುವೆ ಒಂದು ಷಟ್ಕೋನ, ಆರು ಕಡೆಯಿಂದ ಬಣ್ಣದ ಪಟ್ಟಿಗಳು ಬರುತ್ತವೆ, ಷಟ್ಕೋನವನ್ನೇ ತಿರುಗಿಸಿ ಒಂದೇ ಬಣ್ಣದವು ಮೂರು ಸೇರುವಂತೆ ಮಾಡಬೇಕು. ಅದನ್ನು ಧೈರ್ಯವಾಗಿ ಇಡಬಹುದು. ಹತ್ತಾರು ಪ್ಯಾಕ್‌ಮ್ಯಾನ್ ನಕಲುಗಳಲ್ಲಿ ಆ ಧೈರ್ಯ ನನಗಂತೂ ಬರಲ್ಲ.

ಪುಟ್ಟ ಪಿಕ್ಸೆಲ್

ಇನ್ನೂ ಒಂದು ಮಾತು. ಮಾರಿಯೋ ಹುಡುಕಿಕೊಂಡು ಬರುವವರಿಗೆ ನೂರಾರು ಸೈಟ್‌ಗಳಿವೆ. ಆಟಕ್ಕಿಂತ ಜಾಹೀರಾತೇ ಜಾಸ್ತಿ ಇರುವವು. ಅವುಗಳ ಜೊತೆ ಪೈಪೋಟಿ ಮಾಡೋಕೆ ಕೀಲಿಮಣೆ ಅವರು ಹೊರಟಿಲ್ಲ ಅಂದುಕೊಂಡಿದ್ದೇನೆ.

ಕೀಲಿಮಣೆ

ಇಲ್ಲ ಇಲ್ಲ. ಮಾರಿಯೋ, ಪ್ಯಾಕ್‌ಮ್ಯಾನ್ ಎರಡನ್ನೂ ಬಿಟ್ಟೆ. ಕಾಪಿನಾ ಲಿಂಕಾ ಅನ್ನೋದರ ಬಗ್ಗೆ ಯಾರೂ ಹೇಳಲಿಲ್ಲ?

ಕೊನೆಯ ಕಮಿಟ್

ಲಿಂಕ್ ಕೊಟ್ಟರೆ ಆಟ ಯಾವಾಗ ಮಾಯವಾಗುತ್ತೋ ಗೊತ್ತಿಲ್ಲ. ಕಾಪಿ ಮಾಡಿಕೊಂಡರೆ ನೋಡಿಕೊಳ್ಳುವ ಹೊಣೆ ನಿಮ್ಮದು. ಚಿಕ್ಕ, ಒಬ್ಬರೇ ಆಡುವ ಆಟಗಳಿಗೆ ನನ್ನ ಓಟು ಕಾಪಿಗೆ. ಸರ್ವರ್ ಬೇಕಾದವಕ್ಕೆ ಲಿಂಕ್. ಲಿಚೆಸ್ ಎಜಿಪಿಎಲ್‌ನಲ್ಲಿದೆ (ಸರ್ವರ್‌ನಲ್ಲಿ ಓಡಿಸುವುದಕ್ಕೂ ಅನ್ವಯಿಸುವ ಜಿಪಿಎಲ್), ಪೂರ್ತಿ ಕೋಡ್ ಸಿಗುತ್ತೆ, ಆದರೆ ಅದನ್ನು ನೀವು ಹೋಸ್ಟ್ ಮಾಡಿ ಏನು ಮಾಡುತ್ತೀರಿ? ಎದುರಾಳಿ ಇರುವುದು ಅಲ್ಲಿ. ಜಾಹೀರಾತೂ ಇಲ್ಲ. ಸುಮ್ನೆ ಲಿಂಕ್ ಕೊಡಿ. ಹಲವರು ಒಟ್ಟಿಗೆ ಆಡುವ ಬ್ರೌಸರ್‌ಕ್ವೆಸ್ಟ್‌ಗೆ ನೋಡ್.ಜೆಎಸ್ ಸರ್ವರ್ ಸದಾ ಓಡುತ್ತಿರಬೇಕು, ಕೋಡ್ 2012ರ ಕಾಲದ ವೆಬ್‌ಸಾಕೆಟ್ ಲೈಬ್ರರಿಗಳ ಮೇಲೆ ನಿಂತಿದೆ. ಅಷ್ಟು ಕಷ್ಟಪಟ್ಟು ಓಡಿಸಿದರೂ ಆ ಊರಲ್ಲಿ ನೀವೊಬ್ಬರೇ ಇಲಿ ಹೊಡೆಯುತ್ತಾ ನಿಂತಿರುತ್ತೀರಿ. ಬಿಡಿ.

ಕಾಪಿ ಮಾಡಿದ ಮೇಲೆ ನಾನು ಮಾಡುವ ಮೊದಲ ಪರೀಕ್ಷೆ ಹೇಳುತ್ತೇನೆ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಆಟವನ್ನು ರೀಲೋಡ್ ಮಾಡಿ. ನಿಮ್ಮ ಡೊಮೇನ್ ಬಿಟ್ಟು ಬೇರೆ ಯಾವ ಯಾವ ಹೆಸರು ಬರುತ್ತವೆ ನೋಡಿ. ಒಂದು ಹಳೇ ಆಟದಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟು: ಯಾವುದೋ ಸಿಡಿಎನ್‌ನಿಂದ (ಫೈಲ್ ಹಂಚುವ ಹೊರಗಿನ ಸರ್ವರ್‌ಗಳಿಂದ) ಬರುವ ಜೆಕ್ವೆರಿ ಲೈಬ್ರರಿ, ಹೊರಗಿನ ಫಾಂಟ್, ಮೂಲ ಲೇಖಕರು ಹಾಕಿದ, ಬಂದವರನ್ನು ಎಣಿಸುವ ಅನಲಿಟಿಕ್ಸ್ ತುಣುಕು, ಶೇರ್ ಬಟನ್‌ಗಳು. ಟ್ರ್ಯಾಕರ್ ಇಲ್ಲ ಅಂತ ನೀವು ಬರೆದಿರುತ್ತೀರಿ, ಆಟದ ಇಂಡೆಕ್ಸ್ ಫೈಲ್ ಸದ್ದಿಲ್ಲದೆ ಟ್ರ್ಯಾಕ್ ಮಾಡುತ್ತಿರುತ್ತೆ.

ಹೊರಗಿನ ಕೊಂಡಿಗಳು ಅಪಾಯ ಯಾಕೆ ಅಂದರೆ, ಅವು ಸಾಯುತ್ತವೆ ಅಥವಾ ಕೈ ಬದಲಾಗುತ್ತವೆ. ರಾಗಿಟ್ ಅಂತ ಗಿಟ್‌ಹಬ್ ಫೈಲ್‌ಗಳನ್ನು ನೇರವಾಗಿ ಒದಗಿಸುವ ಸೇವೆ ಒಂದಿತ್ತು. 2018ರಲ್ಲಿ ಮುಚ್ಚುತ್ತೇವೆ ಅಂತ ಹೇಳಿದರು. ಅದನ್ನೇ ನೆಚ್ಚಿಕೊಂಡ ಆಟಗಳ ಡೆಮೊ ಬಿಳಿ ಪರದೆ ತೋರಿಸಿದರೆ ಆಶ್ಚರ್ಯವಿಲ್ಲ. ಹಳೆಯ ಬ್ರೌಸರ್‌ಗಳ ಕೊರತೆ ತುಂಬುವ ಸ್ಕ್ರಿಪ್ಟ್ ಕೊಡುತ್ತಿದ್ದ ಪಾಲಿಫಿಲ್ ಡಾಟ್ ಐಓ ಕಥೆ ಇನ್ನೂ ಕೆಟ್ಟದ್ದು. 2024ರಲ್ಲಿ ಆ ಡೊಮೇನ್ ಬೇರೆಯವರ ಕೈಗೆ ಹೋಯಿತು, ಜೂನ್ ಹೊತ್ತಿಗೆ ಅದು ಕಳಿಸುವ ಸ್ಕ್ರಿಪ್ಟ್‌ನಲ್ಲಿ ದುಷ್ಟ ಕೋಡ್ ಸೇರಿರುವುದು ಬಯಲಾಯಿತು. ಲಕ್ಷಕ್ಕೂ ಹೆಚ್ಚು ಸೈಟ್‌ಗಳು ಅದನ್ನು ಬಳಸುತ್ತಿದ್ದವು. ಒಂದು ದಶಕದ ಹಿಂದಿನ ಆಟದ ಹೆಡ್‌ನಲ್ಲಿ ಆ ಸಾಲು ಸಿಕ್ಕರೆ ಆಶ್ಚರ್ಯಪಡಬೇಡಿ, ಅಳಿಸಿಬಿಡಿ. ಈಗಿನ ಬ್ರೌಸರ್‌ಗಳಿಗೆ ಅದರ ಅಗತ್ಯವೂ ಇಲ್ಲ.

ಎಲ್ಲವನ್ನೂ ಆಟದ ಫೋಲ್ಡರ್‌ಗೇ ತಂದ ಮೇಲೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸ್ಥಳೀಯ ಹೆಸರು ಮಾತ್ರ ಉಳಿಯಬೇಕು. ಒಂದು ಎಚ್ಚರಿಕೆ, ಇಂಡೆಕ್ಸ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಆಟ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಮಾಡ್ಯೂಲ್ (ಬೇರೆ ಬೇರೆ ಫೈಲ್‌ಗಳಾಗಿ ಒಡೆದ ಜಾವಾಸ್ಕ್ರಿಪ್ಟ್) ಬಳಸುವ ಆಟಗಳು ಹಾಗೆ ತೆರೆದರೆ ಓಡುವುದೇ ಇಲ್ಲ. ಪೈಥಾನ್‌ನಲ್ಲೇ ಬರುವ ಚಿಕ್ಕ ಎಚ್‌ಟಿಟಿಪಿ ಸರ್ವರ್ ಹಚ್ಚಿ ನೋಡಿ.

ಸದ್ದು ಗದ್ದಲ

ನೆಟ್‌ವರ್ಕ್ ಸರಿಯಿದ್ದೂ ಸದ್ದು ಬಾರದ ಆಟಗಳ ಬಗ್ಗೆ ಸೇರಿಸುತ್ತೇನೆ, ಇದು ನನ್ನ ಇಷ್ಟದ ವಿಷಯ. 2018ರ ಏಪ್ರಿಲ್‌ನಲ್ಲಿ ಕ್ರೋಮ್ 66 ಬಂದಾಗ, ಬಳಕೆದಾರ ಏನನ್ನಾದರೂ ಒತ್ತುವ ತನಕ ಪುಟ ಸದ್ದು ಮಾಡಬಾರದು ಅನ್ನೋ ನಿಯಮ ಬಂತು. ತಾನಾಗಿ ಅರಚುವ ವಿಡಿಯೋಗಳಿಗೆ ಅಂತ ತಂದದ್ದು. ಪೆಟ್ಟು ಬಿದ್ದದ್ದು ಆಟಗಳಿಗೆ. ಆಟ ಮಾಡುವವರು ಗಲಾಟೆ ಮಾಡಿದ ಮೇಲೆ ಮೇ ತಿಂಗಳಲ್ಲಿ ಆಟಗಳು ಸದ್ದಿಗೆ ಬಳಸುವ ವೆಬ್ ಆಡಿಯೋ ಮಟ್ಟಿಗೆ ಹಿಂದೆ ತೆಗೆದುಕೊಂಡರು, ಡಿಸೆಂಬರ್‌ನ 71ನೇ ಆವೃತ್ತಿಯಲ್ಲಿ ಮತ್ತೆ ತಂದರು. ಅದಕ್ಕೂ ಮೊದಲು ಕೈಬಿಟ್ಟ ಎಷ್ಟೋ ಆಟಗಳು ಇವತ್ತಿಗೂ ಮೂಕವಾಗಿವೆ. ರಿಪೇರಿ ಸುಲಭ. ಮೊದಲ ಕ್ಲಿಕ್ ಅಥವಾ ಕೀಲಿ ಒತ್ತಿದಾಗ ಆಡಿಯೋ ಕಾಂಟೆಕ್ಸ್ಟ್‌ನ ರೆಸ್ಯೂಮ್ ಕರೆದರೆ ಸಾಕು. ಎರಡು ಮೂರು ಸಾಲಿನ ಕೆಲಸ.

ಮತ್ತೆ, ಸದ್ದು ನಿಲ್ಲಿಸುವ ಬಟನ್ ಇಲ್ಲದ ಆಟವನ್ನು ದಯವಿಟ್ಟು ಸೇರಿಸಬೇಡಿ.

ಬೆರಳು

ಫೋನ್‌ನಲ್ಲಿ ನೋಡಿದಿರಾ? ಬಾಣದ ಕೀಲಿ ಮಾತ್ರ ಗೊತ್ತಿರುವ ಆಟಗಳು ಫೋನ್‌ನಲ್ಲಿ ಬರೀ ಚಿತ್ರ. ಸ್ವೈಪ್ ಇರುವ ಆಟಗಳಲ್ಲೂ ಬೆರಳು ಎಳೆದರೆ ಬಿಲ್ಲೆಯ ಜೊತೆ ಪುಟವೂ ಸರಿಯುತ್ತೆ. 2017ರಲ್ಲಿ ಕ್ರೋಮ್ 56ರಿಂದ ಡಾಕ್ಯುಮೆಂಟ್ ಮಟ್ಟದ ಟಚ್ ಲಿಸನರ್‌ಗಳು (ಇಡೀ ಪುಟದ ಮೇಲೆ ಬೆರಳಿನ ಸ್ಪರ್ಶ ಗಮನಿಸುವ ಕೋಡ್) ಸ್ಕ್ರಾಲ್ ತಡೆಯೋಕೆ ಆಗದ ಹಾಗೆ ಬದಲಾದವು, ಅದಕ್ಕಿಂತ ಹಳೇ ಆಟಗಳಿಗೆ ಅದು ಗೊತ್ತಿಲ್ಲ. ಆಟದ ಅಂಕಣಕ್ಕೆ ಸಿಎಸ್‌ಎಸ್‌ನಲ್ಲಿ touch-action: none ಅಂತ ಹಾಕಿ, ಸರಿಹೋಗುತ್ತೆ.

ಆಟವನ್ನು ಐಫ್ರೇಮ್‌ನಲ್ಲಿ, ಅಂದರೆ ನಿಮ್ಮ ಪುಟದೊಳಗಿನ ಇನ್ನೊಂದು ಪುಟವಾಗಿ ಇಟ್ಟರೆ ಇನ್ನೊಂದು ತಲೆನೋವು. ಆಟದ ಮೇಲೆ ಒಂದು ಸಲ ಕ್ಲಿಕ್ ಮಾಡುವ ತನಕ ಕೀಲಿಗಳು ಹೊರಗಿನ ಪುಟಕ್ಕೇ ಹೋಗುತ್ತವೆ. ಸ್ಪೇಸ್ ಒತ್ತಿದರೆ ಡೈನೋಸಾರ್ ಹಾರುವ ಬದಲು ಪುಟ ಕೆಳಗೆ ಜಾರುತ್ತೆ. ಪ್ರತಿ ಆಟಕ್ಕೂ ಅದರದ್ದೇ ಪೂರ್ತಿ ಪುಟ ಕೊಡಿ, ಮೂಲೆಯಲ್ಲಿ ವಾಪಸ್ ಬರೋಕೆ ಒಂದು ಲಿಂಕ್ ಸಾಕು.

ಕೊನೆಯ ಕಮಿಟ್

ಐಫ್ರೇಮ್ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಅದಕ್ಕೂ ಮೊದಲು ಲೋಕಲ್‌ಸ್ಟೋರೇಜ್, ಅಂದರೆ ಆಟದ ವಿವರವನ್ನು ಬ್ರೌಸರ್ ಉಳಿಸಿಡುವ ಜಾಗದ ಬಗ್ಗೆ ಹೇಳಬೇಕು. ಆಟಗಳನ್ನು ಒಂದೇ ಕಡೆ ಸೇರಿಸಿದಾಗ ಮಾತ್ರ ಕಾಣಿಸುವ ತೊಂದರೆ ಇದು. ಬಿಡಿ ಬಿಡಿಯಾಗಿ ಎಲ್ಲ ಆಟವೂ ಸರಿಯಾಗಿರುತ್ತೆ.

2048 ತನ್ನ ವಿವರಗಳನ್ನು ಎರಡು ಹೆಸರಿನಲ್ಲಿ ಉಳಿಸುತ್ತೆ, ಬೆಸ್ಟ್‌ಸ್ಕೋರ್ ಮತ್ತು ಗೇಮ್‌ಸ್ಟೇಟ್. ಲೋಕಲ್‌ಸ್ಟೋರೇಜ್ ಇಡೀ ಡೊಮೇನ್‌ಗೆ ಒಂದೇ, ಫೋಲ್ಡರ್ ಲೆಕ್ಕಕ್ಕೆ ಬರಲ್ಲ. ಈಗ 2048ರ ಪಕ್ಕದ ಫೋಲ್ಡರ್‌ನಲ್ಲಿ ಅದರದ್ದೇ ಫೋರ್ಕ್ ಆದ 5ಕ್ಕೆ 5ರ ಆಟ ಇಟ್ಟಿದ್ದೀರಿ ಅಂದುಕೊಳ್ಳಿ. ಯಾರೋ 4ಕ್ಕೆ 4ರ ಆಟವನ್ನು ಅರ್ಧಕ್ಕೆ ಬಿಟ್ಟು 5ಕ್ಕೆ 5 ತೆರೆಯುತ್ತಾರೆ. ಅದು ಗೇಮ್‌ಸ್ಟೇಟ್ ಓದುತ್ತೆ. ಉಳಿಸಿದ್ದರಲ್ಲಿ ಅಂಕಣದ ಅಳತೆಯೂ ಸೇರಿರುತ್ತೆ. ಹಾಗಾಗಿ ಪರದೆ ಮೇಲೆ ಇಪ್ಪತ್ತೈದು ಮನೆ, ಬಿಲ್ಲೆಗಳು ಹದಿನಾರರಲ್ಲಿ ಮಾತ್ರ ಓಡಾಡುತ್ತವೆ, ಬಲಗಡೆಯ ಸಾಲು ಮತ್ತು ಕೆಳಗಿನ ಸಾಲು ಸದಾ ಖಾಲಿ. ಅಲ್ಲಿ ಒಂದು ನಡೆ ನಡೆಸಿ ವಾಪಸ್ ಬಂದರೆ ಇಲ್ಲಿಯ ಆಟವೂ ಬದಲಾಗಿರುತ್ತೆ. ಬೆಸ್ಟ್‌ಸ್ಕೋರ್ ಅಂತೂ ಯಾರದ್ದೋ ಯಾರಿಗೋ.

ರೆಪೊವನ್ನೇ ಸೈಟ್ ಆಗಿ ತೋರಿಸುವ ಗಿಟ್‌ಹಬ್ ಪೇಜಸ್‌ನಲ್ಲಿ ಪ್ರತಿ ಆಟಕ್ಕೂ ಬೇರೆ ರೆಪೊ ಮಾಡಿದರೂ ಇದೇ ಗತಿ. ಒಬ್ಬ ಬಳಕೆದಾರರ ಎಲ್ಲ ರೆಪೊಗಳೂ ಒಂದೇ ಡೊಮೇನ್ ಕೆಳಗೆ ಫೋಲ್ಡರ್ ಆಗಿ ಬರುತ್ತವೆ. ಪ್ರತಿ ಆಟಕ್ಕೂ ಒಂದೊಂದು ಸಬ್‌ಡೊಮೇನ್ ಕೊಟ್ಟರೆ ತೊಂದರೆ ಇಲ್ಲ. ಅಷ್ಟು ಬೇಡ ಅಂದರೆ, ಉಳಿಸುವ ಹೆಸರಿಗೆ ಆಟದ ಹೆಸರನ್ನು ಮುಂದೆ ಅಂಟಿಸಿ. 2048ರಲ್ಲಿ ಸ್ಟೋರೇಜ್ ನೋಡಿಕೊಳ್ಳುವ ಫೈಲ್ ಬೇರೆಯೇ ಇದೆ, ಅಲ್ಲಿ ಎರಡು ಸಾಲು ಬದಲಾಯಿಸಿದರೆ ಮುಗಿಯಿತು.

ಇನ್ನು ಐಫ್ರೇಮ್. ಭದ್ರತೆಗೆ ಅಂತ ಸ್ಯಾಂಡ್‌ಬಾಕ್ಸ್ (ಒಳಗಿನ ಪುಟ ಏನು ಮಾಡಬಹುದು ಅಂತ ಮಿತಿ ಹಾಕುವ ಬೇಲಿ) ಹಾಕಿ ಸ್ಕ್ರಿಪ್ಟ್‌ಗೆ ಮಾತ್ರ ಅನುಮತಿ ಕೊಟ್ಟರೆ, ಒಳಗಿನ ಆಟಕ್ಕೆ ಯಾವ ಡೊಮೇನೂ ಇಲ್ಲದಂತಾಗುತ್ತೆ. ಲೋಕಲ್‌ಸ್ಟೋರೇಜ್ ಮುಟ್ಟಿದರೆ ಎರರ್. ಕೆಲವು ಆಟ ಅಲ್ಲೇ ನಿಂತುಬಿಡುತ್ತವೆ, ಕೆಲವು ಏನನ್ನೂ ಉಳಿಸದೆ ಮುಂದುವರಿಯುತ್ತವೆ. ಸೇಮ್ ಒರಿಜಿನ್ ಅನುಮತಿಯನ್ನೂ ಕೊಟ್ಟರೆ, ನಿಮ್ಮದೇ ಡೊಮೇನ್‌ನ ಆಟಕ್ಕೆ ಸ್ಯಾಂಡ್‌ಬಾಕ್ಸ್ ಇದ್ದೂ ಇಲ್ಲದ ಹಾಗೆ.

ಸಿಡುಕ

ಇದು ಗೊತ್ತಿರಲಿಲ್ಲ. ಸರಿ, ನಾನು ಸುಮ್ಮನಾದೆ.

ಪುಟ್ಟ ಪಿಕ್ಸೆಲ್

ಎಲ್ಲರೂ ಕೋಡ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಆಟ ಚೆನ್ನಾಗಿರಬೇಕಲ್ವಾ?

ನನಗೆ ಸಂಗ್ರಹ ಅಂದರೆ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಆಟ. ಡೈನೋಸಾರ್ ಎರಡು ನಿಮಿಷದ್ದು. 2048 ಕಾಲು ಗಂಟೆ ಅಂತ ಕೂತರೆ ಒಂದು ಗಂಟೆ. ಎ ಡಾರ್ಕ್ ರೂಮ್ ಒಂದು ಸಂಜೆ ಪೂರ್ತಿ ತಿನ್ನುತ್ತೆ. 2013ರಲ್ಲಿ ಡಬಲ್‌ಸ್ಪೀಕ್ ಗೇಮ್ಸ್‌ನಿಂದ ಬಂದ ಇದರಲ್ಲಿ ಚಿತ್ರವೇ ಇಲ್ಲ. ತೆರೆದರೆ ಬೆಂಕಿ ಹಚ್ಚೋಕೆ ಒಂದೇ ಒಂದು ಬಟನ್. ಒತ್ತುತ್ತೀರಿ. ಸ್ವಲ್ಪ ಹೊತ್ತಿಗೆ ಯಾರೋ ಅಪರಿಚಿತೆ ಒಳಗೆ ಬರುತ್ತಾಳೆ. ಮುಂದಿನದ್ದು ಹೇಳಲ್ಲ. ನಿಮ್ಮ ಪುಟದಲ್ಲೂ ಹೇಳಬೇಡಿ, 'ಬೆಂಕಿ ಹಚ್ಚಿ, ಕಾಯಿರಿ' ಅಂತ ಬರೆದರೆ ಸಾಕು.

ಟ್ಯಾಥಮ್ ಪಝಲ್‌ಗಳು ನಲವತ್ತಿವೆ. ನಲವತ್ತನ್ನೂ ಹಾಕಿದರೆ ನಿಮ್ಮ ಪುಟ ಅವರ ಪುಟವೇ ಆಗುತ್ತೆ. ಮೂರು ನಾಲ್ಕು ಆರಿಸಿ. ಮೈನ್ಸ್ ಇರಲೇಬೇಕು. ಅದು ನಮಗೆಲ್ಲ ಗೊತ್ತಿರುವ ಬಾಂಬ್ ಹುಡುಕುವ ಆಟವೇ, ಆದರೆ ಇಲ್ಲಿ ಊಹೆ ಮಾಡಬೇಕಾದ ಪ್ರಸಂಗ ಬರಲ್ಲ. ಮೊದಲ ಕ್ಲಿಕ್ ಆದ ಮೇಲೆ ಅಲ್ಲಿಂದ ಬರೀ ತರ್ಕದಿಂದಲೇ ಬಿಡಿಸಬಹುದಾದ ಅಂಕಣವನ್ನೇ ಅದು ಹುಟ್ಟಿಸುತ್ತೆ. ಕೊನೆಗೆ ಎರಡು ಮನೆ ಉಳಿದು ನಾಣ್ಯ ಚಿಮ್ಮುವ ಹಾಗೆ ಒತ್ತಿ ಸಾಯುವ ಗೋಳು ಇಲ್ಲ. ಇದನ್ನು ಆಡಿದ ಮೇಲೆ ಬೇರೆಯದ್ದಕ್ಕೆ ವಾಪಸ್ ಹೋಗೋಕೆ ಮನಸ್ಸು ಬರಲ್ಲ. ಜೊತೆಗೆ ಲೂಪಿ, ನೆಟ್, ಬ್ರಿಡ್ಜಸ್. ಸಿ ಭಾಷೆಯಲ್ಲಿ ಬರೆದು, ಬ್ರೌಸರ್‌ನಲ್ಲಿ ವೇಗವಾಗಿ ಓಡುವ ವೆಬ್‌ಅಸೆಂಬ್ಲಿಗೆ ಇಳಿಸಿರುವುದರಿಂದ ಹಳೇ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತವೆ.

ಹೊಸದೇನಾದರೂ ಬೇಕಿದ್ದರೆ ಜೆಎಸ್13ಕೆ ಸ್ಪರ್ಧೆಯ ಆಟಗಳನ್ನು ಜಾಲಾಡಿ. 2012ರಿಂದ ಪ್ರತಿವರ್ಷ ನಡೆಯುತ್ತೆ. ಇಡೀ ಆಟ ಜಿಪ್ ಮಾಡಿದಾಗ 13 ಕಿಲೋಬೈಟ್ ಮೀರಬಾರದು, ಸಾಮಾನ್ಯವಾಗಿ ಹೊರಗಿನ ಲೈಬ್ರರಿ ಎಳೆಯುವಂತಿಲ್ಲ. ಅಂದರೆ ಕೊನೆಯ ಕಮಿಟ್ ಅವರ ನೆಟ್‌ವರ್ಕ್ ಪರೀಕ್ಷೆಯಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ಪಾಸು. ಸೋರ್ಸ್ ಗಿಟ್‌ಹಬ್‌ನಲ್ಲಿ ಇರುತ್ತೆ, ಆದರೆ ಲೈಸೆನ್ಸ್ ಹಾಕಿದ್ದಾರಾ ಅಂತ ಒಂದೊಂದನ್ನೂ ನೋಡಬೇಕು.

ನೀಲಿ ಚೌಕ

ಬಣ್ಣದ ಮೇಲೆಯೇ ನಿಂತ ಆಟಗಳ ಪಕ್ಕ ಅದನ್ನು ಬರೆಯಿರಿ. ಹೆಕ್ಸ್‌ಟ್ರಿಸ್‌ನಲ್ಲಿ ಬಣ್ಣ ಬೇರ್ಪಡಿಸಲು ಆಗದವರಿಗೆ ಆಟವೇ ಇಲ್ಲ. 2048ರಲ್ಲಿ ಅಂಕಿ ಇದೆ, ಪರವಾಗಿಲ್ಲ.

ಪುಟ್ಟ ಪಿಕ್ಸೆಲ್

ಹೆಕ್ಸ್‌ಟ್ರಿಸ್ ಜಿಪಿಎಲ್ ಅಂದರಲ್ಲ, ಅದನ್ನು ಸೇರಿಸಿದರೆ ಇಡೀ ಸೈಟ್ ಜಿಪಿಎಲ್ ಆಗುತ್ತಾ? ಯಾರೋ ಹಾಗೆ ಹೆದರಿಸಿದ್ದರು.

ಹಳೇ ಬ್ರೌಸರ್

ಇಲ್ಲ. ಬೇರೆ ಬೇರೆ ಪ್ರೋಗ್ರಾಂಗಳನ್ನು ಪಕ್ಕಪಕ್ಕ ಇಟ್ಟರೆ ಒಂದರ ಷರತ್ತು ಇನ್ನೊಂದಕ್ಕೆ ಅಂಟಲ್ಲ, ಜಿಪಿಎಲ್‌ನಲ್ಲೇ ಹಾಗೆ ಬರೆದಿದೆ. ಹೆಕ್ಸ್‌ಟ್ರಿಸ್ ಕೋಡ್‌ನ ತುಂಡನ್ನು ನಿಮ್ಮ ಆಟದೊಳಗೆ ಬೆರೆಸಿದರೆ ಮಾತು ಬೇರೆ. ಬದಲಾವಣೆ ಮಾಡಿದರೆ ಏನು ಬದಲಾಯಿಸಿದಿರಿ ಅಂತ ಬರೆಯಿರಿ, ಜಾವಾಸ್ಕ್ರಿಪ್ಟನ್ನು ಹಿಂಡಿ ಮಿನಿಫೈ ಮಾಡಿದರೆ ಓದಲು ಬರುವ ಮೂಲಕ್ಕೆ ಲಿಂಕ್ ಕೊಡಿ. ಲೈಸೆನ್ಸ್ ಫೈಲ್ ಫೋಲ್ಡರ್‌ನಲ್ಲೇ ಇರಲಿ. ಎಂಐಟಿ ಕೂಡ ಕೇಳುವುದು ಇದನ್ನೇ, ಆದರೂ ಕಾಪಿ ಮಾಡುವಾಗ ಎಲ್ಲರೂ ಮೊದಲು ಬಿಟ್ಟುಬರುವ ಫೈಲ್ ಅದೇ.

ಕೀಲಿಮಣೆ

ಎಲ್ಲರಿಗೂ ಥ್ಯಾಂಕ್ಸ್. ಬ್ರೌಸರ್‌ಕ್ವೆಸ್ಟ್ ಹೋಯಿತು. ಲಿಚೆಸ್ ಕೆಳಗೆ 'ಹೊರಗಿನ ಲಿಂಕ್' ಅಂತ ಬೇರೆ ಸಾಲಿಗೆ ಬಂತು. 2048 ಒಂದೇ ಇರುತ್ತೆ, ಅದರ ಮರಿಗಳು ಬೇಡ. ಪ್ರತಿ ಆಟದ ಪಕ್ಕ ಎಷ್ಟು ಹೊತ್ತು ಬೇಕು, ಕೀಲಿಯಾ ಬೆರಳಾ, ಸದ್ದು ಇದೆಯಾ, ಬಣ್ಣ ಮುಖ್ಯವಾ, ಯಾವ ಲೈಸೆನ್ಸ್, ಯಾವ ಕಮಿಟ್, ಇಷ್ಟು ಬರೆಯುತ್ತೇನೆ. ಡಜನ್ ತುಂಬಲಿಲ್ಲ, ತುಂಬಿಸೋಕೆ ಅಂತ ಸೇರಿಸುವುದೂ ಇಲ್ಲ.

ಒಂದು ಮಾತ್ರ ಉಳಿದಿದೆ. ಐಫೋನ್‌ನಲ್ಲಿ ಆಡಿದ ಗೆಳೆಯರೊಬ್ಬರು ಉಳಿಸಿದ್ದ ಆಟ ಹೋಯಿತು ಅಂದರು. ಹೆಸರುಗಳಿಗೆಲ್ಲ ಆಟದ ಹೆಸರು ಅಂಟಿಸಿ ಆಗಿತ್ತು.

ಕೊನೆಯ ಕಮಿಟ್

ನಿಮ್ಮ ಕೋಡ್ ಸರಿಯಾಗಿಯೇ ಇರಬಹುದು. 2020ರಿಂದ ಸಫಾರಿ, ತನ್ನನ್ನು ಏಳು ದಿನ ಬಳಸಿದರೂ ಒಂದು ಸೈಟ್‌ನಲ್ಲಿ ಮಾತ್ರ ಏನನ್ನೂ ಒತ್ತದಿದ್ದರೆ, ಆ ಸೈಟ್‌ನ ಸ್ಕ್ರಿಪ್ಟ್ ಉಳಿಸಿದ್ದನ್ನೆಲ್ಲ ಅಳಿಸುತ್ತೆ. ಟ್ರ್ಯಾಕರ್‌ಗಳಿಗೆ ಹಾಕಿದ ಗಾಳ, ಆಟಗಳೂ ಸಿಕ್ಕಿಬಿದ್ದಿವೆ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡು ಆಡಿದರೆ ಆ ಏಳು ದಿನದ ಲೆಕ್ಕ ಬೇರೆಯಾಗಿ ನಡೆಯುತ್ತೆ, ಅಷ್ಟು ಸುಲಭಕ್ಕೆ ಅಳಿಯಲ್ಲ. ಅವರು ಕಳೆದುಕೊಂಡದ್ದು ಯಾವ ಆಟ?

ಕೀಲಿಮಣೆ

ಎ ಡಾರ್ಕ್ ರೂಮ್. ಊರು ಕಟ್ಟಿ ಹೊರಗೆ ಹೊರಟಿದ್ದರಂತೆ.

ಪುಟ್ಟ ಪಿಕ್ಸೆಲ್

ಅಯ್ಯೋ ಪಾಪ. ಅದರ ಕೆಳಗಿನ ಮೆನುವಿನಲ್ಲಿ ಸೇವ್ ಅಂತ ಇದೆ. ಎಕ್ಸ್‌ಪೋರ್ಟ್ ಒತ್ತಿದರೆ ಉದ್ದನೆಯ ಕೋಡ್ ಕೊಡುತ್ತೆ, ಕಾಪಿ ಮಾಡಿ ಎಲ್ಲಾದರೂ ಇಟ್ಟುಕೊಂಡರೆ ಇಂಪೋರ್ಟ್‌ನಲ್ಲಿ ಅಂಟಿಸಿ ಅಲ್ಲಿಂದಲೇ ಮುಂದುವರಿಸಬಹುದು. ಆಟದ ಪಕ್ಕದಲ್ಲೇ ಬರೆದುಬಿಡಿ.